ಬೀಜ ಮೊಳೆಯದಿದ್ದರೆ ಮೊದಲು ಕೆದಕಿ ನೋಡಿ

“ಬೀಜ ಹಾಕಿ ಎರಡು ವಾರ ಆಯ್ತು, ಒಂದೂ ಮೇಲೆ ಬಂದಿಲ್ಲ. ಬೀಜವೇ ಸರಿ ಇಲ್ಲ ಅನ್ಸುತ್ತೆ.”

ಮನೆಯೊಳಗೆ ಮೆಣಸಿನಕಾಯಿ, ಟೊಮೆಟೊ, ಬದನೆ ಸಸಿ ಮಾಡಲು ಹೊರಟವರು ಯಾರೇ ಸಿಕ್ಕರೂ ಈ ಮಾತು ಬರುತ್ತದೆ. ನಾನು ತಿರುಗಿ ಕೇಳುವುದು ಒಂದೇ: ಕೆದಕಿ ನೋಡಿದಿರಾ? ಹೆಚ್ಚಿನವರು ನೋಡಿರುವುದಿಲ್ಲ. ಬೀಜವನ್ನು ಮುಟ್ಟಬಾರದು, ಕಾಯಬೇಕು ಅಂತ ಎಲ್ಲರಿಗೂ ಯಾರೋ ಹೇಳಿರುತ್ತಾರೆ. ನಾನು ಮಾತ್ರ ಟ್ರೇ ತುಂಬ ಬೀಜ ಹಾಕುವಾಗಲೇ ಒಂದು ಮೂಲೆಯ ಕೆಲವು ಗುಣಿಗಳನ್ನು ಕೆದಕುವುದಕ್ಕೆಂದೇ ಬಿಟ್ಟಿರುತ್ತೇನೆ. ಬರಬೇಕಾದ ದಿನ ದಾಟಿದರೆ ಹಲ್ಲುಕಡ್ಡಿ ತಗೊಂಡು ಅಲ್ಲಿ ಮಣ್ಣು ಸರಿಸಿ ಬೀಜ ಹೊರಗೆ ತೆಗೆದು ನೋಡುತ್ತೇನೆ. ಮೇಲೆ ಏನೂ ಕಾಣದಿದ್ದರೂ ಕೆಳಗೆ ಏನಾಗಿದೆ ಅನ್ನುವುದು ಆ ಒಂದು ಬೀಜದಲ್ಲಿ ಗೊತ್ತಾಗುತ್ತದೆ.

ಬೀಜ ಹಾಕಿದಾಗ ಇದ್ದ ಹಾಗೇ ತೆಳ್ಳಗೆ, ಒಣಗಿಕೊಂಡಿದ್ದರೆ ಅದಕ್ಕೆ ನೀರೇ ಮುಟ್ಟಿಲ್ಲ. ಸ್ವಲ್ಪ ಊದಿಕೊಂಡು, ಉಗುರಲ್ಲಿ ಒತ್ತಿದರೆ ಗಟ್ಟಿಯಾಗೇ ಇದ್ದು, ಸೀಳಿದರೆ ಒಳಗೆ ಬೆಳ್ಳಗೆ ಕಂಡರೆ ಅದು ಬದುಕಿದೆ, ಬಿಸಿ ಸಾಲುತ್ತಿಲ್ಲ ಅಷ್ಟೇ. ಒತ್ತಿದ ತಕ್ಷಣ ಪಿಚಕ್ ಅಂತ ಒಡೆದು ಕಂದು ರಸ ಬಂದು, ಮೂಗಿನ ಹತ್ತಿರ ಹಿಡಿದರೆ ವಾಸನೆ ಬಂದರೆ ಕೊಳೆತಿದೆ. ನೀರು ಜಾಸ್ತಿಯಾಗಿದೆ, ಇಲ್ಲವೇ ಬೀಜ ಹಳೆಯದು. ಬೇರು ಬಂದು, ಕತ್ತು ಬಗ್ಗಿದ ಮೊಳಕೆ ಮಣ್ಣೊಳಗೇ ಸಿಕ್ಕಿಕೊಂಡಿದ್ದರೆ ಆಳ ಹೆಚ್ಚಾಯಿತು ಅಥವಾ ಮೇಲಿನ ಪದರ ಗಟ್ಟಿಯಾಯಿತು. ಒಂದೊಂದಕ್ಕೂ ಮದ್ದು ಬೇರೆ. ಕೆದಕದೆ ನೀರು ಜಾಸ್ತಿ ಹಾಕುವುದೇ ಎಲ್ಲರೂ ಮಾಡುವ ಕೆಲಸ. ಚಳಿಗೆ ಸುಮ್ಮನೆ ಕೂತಿದ್ದ ಬೀಜ ಕೊಳೆಯುವುದು ಆಮೇಲೆಯೇ.

ನನ್ನ ಲೆಕ್ಕದಲ್ಲಿ ತುಂಬಾ ಸಲ ಕಾರಣ ಬಿಸಿ. ಮೆಣಸಿನಕಾಯಿ ಬೀಜಕ್ಕೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಸುಮಾರು 8 ದಿನ ಸಾಕು. 20 ಡಿಗ್ರಿಗೆ ಇಳಿದರೆ ಎರಡು ವಾರದ ಹತ್ತಿರ ಹೋಗುತ್ತದೆ. 15 ಡಿಗ್ರಿಯಲ್ಲಿ ಮೂರೂವರೆ ವಾರ, ಅದೂ ಬಂದರೆ. ಟೊಮೆಟೊ ಇಷ್ಟು ಹಟ ಮಾಡುವುದಿಲ್ಲ, 20 ಡಿಗ್ರಿಯಲ್ಲೂ ವಾರದ ಆಚೀಚೆ ಎದ್ದು ಬರುತ್ತದೆ. ಹಬನೆರೊ, ಭೂತ್ ಜೊಲೊಕಿಯಾ ತರಹದ ಭಾರಿ ಖಾರದ ಜಾತಿಗಳು ಎಲ್ಲ ಸರಿ ಇದ್ದರೂ ಮೂರ್ನಾಲ್ಕು ವಾರ ತಗೊಳ್ಳಬಹುದು. ಅವುಗಳ ವಿಷಯದಲ್ಲಿ ಮಾತ್ರ ಕೆದಕುವ ಕೈಯನ್ನು ಸ್ವಲ್ಪ ತಡೆದುಕೊಳ್ಳಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಗೋಡೆಯ ಥರ್ಮಾಮೀಟರ್ 24 ತೋರಿಸುತ್ತಿದ್ದರೆ ಟ್ರೇಯ ಮಣ್ಣೂ 24 ಇದೆ ಅಂದುಕೊಳ್ಳಬೇಡಿ. ಒದ್ದೆ ಮಣ್ಣಿಂದ ನೀರು ಆವಿಯಾಗುತ್ತಾ ಇರುತ್ತದೆ, ಹಾಗಾಗಿ ಅದು ಕೋಣೆಯ ಗಾಳಿಗಿಂತ ಎರಡು ಮೂರು ಡಿಗ್ರಿ ತಣ್ಣಗೇ ಇರುತ್ತದೆ. ಟ್ರೇಯನ್ನು ಕಲ್ಲಿನ ಅಥವಾ ಟೈಲ್ಸ್ ನೆಲದ ಮೇಲೆ ಇಟ್ಟರೆ ಇನ್ನೂ ಇಳಿಯುತ್ತದೆ. ನಾನು ಕಡ್ಡಿಯ ಹಾಗಿರುವ ಥರ್ಮಾಮೀಟರನ್ನು ಮಣ್ಣಿಗೇ ಚುಚ್ಚಿ ನೋಡುತ್ತೇನೆ, ಅದೂ ಬೆಳಗಿನ ಜಾವ, ಎಲ್ಲಕ್ಕಿಂತ ತಣ್ಣಗಿರುವ ಹೊತ್ತಿನಲ್ಲಿ. ಬಿಸಿ ಬೇಕೆಂದರೆ ಫ್ರಿಜ್ ತಲೆಯ ಮೇಲೆ ಇಡಬಹುದು, ಸದಾ ಆನ್ ಇರುವ ವೈಫೈ ಪೆಟ್ಟಿಗೆಯ ಪಕ್ಕ ಇಡಬಹುದು. ಸಸಿಗೆಂದೇ ಬರುವ ಹೀಟ್ ಮ್ಯಾಟ್ ಒಳ್ಳೆಯದೇ. ಆದರೆ ಬಿಸಿಯನ್ನು ಮಿತಿಯಲ್ಲಿಡುವ ಥರ್ಮೋಸ್ಟ್ಯಾಟ್ ಇಲ್ಲದ ಮ್ಯಾಟ್ ಬೇಸಿಗೆಯ ಮಧ್ಯಾಹ್ನ ಬೀಜವನ್ನು ಬೇಯಿಸಿಬಿಡುತ್ತದೆ. 35 ದಾಟಿದರೆ ಲಾಭ ಇಲ್ಲ, ನಷ್ಟವೇ. ಕಿಟಕಿಯಲ್ಲಿ ಬಿಸಿಲಿಗೆ ಇಟ್ಟು, ಮೇಲೆ ಪ್ಲಾಸ್ಟಿಕ್ ಮುಚ್ಚಿದ ಟ್ರೇಯ ಕಥೆಯೂ ಇದೇ.

ಎರಡನೆಯದು ನೀರು ಮತ್ತು ಗಾಳಿ. ಇವೆರಡನ್ನು ಬೇರೆ ಬೇರೆ ಅಂತ ನೋಡಲೇಬಾರದು. ಬೀಜ ಉಸಿರಾಡುತ್ತದೆ. ನೀರು ಕುಡಿದು ಎಚ್ಚರವಾದ ಮೇಲಂತೂ ಆಮ್ಲಜನಕ ಬೇಕೇ ಬೇಕು. ಮಣ್ಣಿನ ಸಂದುಗಳೆಲ್ಲ ನೀರಿಂದ ತುಂಬಿಹೋದರೆ ಅದಕ್ಕೆ ಉಸಿರು ಕಟ್ಟುತ್ತದೆ. ನಾನು ಬಳಸುವುದು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಜೊತೆಗೆ ಸ್ವಲ್ಪ ಪರ್ಲೈಟ್ ಅನ್ನುವ ಹಗುರ ಬಿಳಿ ಹರಳು. ನೆನೆಸಿದ ಕೋಕೋಪೀಟನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮಾತ್ರ ಬರಬೇಕು. ಧಾರೆ ಇಳಿದರೆ ಅದನ್ನು ಟ್ರೇಗೆ ತುಂಬುವುದೇ ಇಲ್ಲ, ಹರಡಿ ಆರಲು ಬಿಡುತ್ತೇನೆ. ತುಂಬುವಾಗ ಒತ್ತಿ ಗಟ್ಟಿ ಮಾಡುವುದೂ ಇಲ್ಲ, ಟ್ರೇಯನ್ನು ಒಂದೆರಡು ಸಲ ಕುಟ್ಟಿ ಬಿಟ್ಟರೆ ಸಾಕು. ತೋಟದ ಮಣ್ಣನ್ನೇ ಟ್ರೇಗೆ ತುಂಬಬೇಡಿ. ಚಿಕ್ಕ ಗುಣಿಯಲ್ಲಿ ಅದು ಗಟ್ಟಿ ಹೆಂಟೆಯಾಗುತ್ತದೆ, ರೋಗವೂ ಅದರ ಜೊತೆಗೇ ಬರುತ್ತದೆ.

ಕೋಕೋಪೀಟ್ ಬಗ್ಗೆ ಒಂದು ಮಾತು. ಎಲ್ಲ ಕೋಕೋಪೀಟೂ ಒಂದೇ ಅಲ್ಲ. ಅದನ್ನು ಒತ್ತಿ ಮಾಡಿದ ಇಟ್ಟಿಗೆಗಳನ್ನು ಸರಿಯಾಗಿ ತೊಳೆದಿರದಿದ್ದರೆ ಅವುಗಳಲ್ಲಿ ಉಪ್ಪಿನ ಅಂಶ ಇರುತ್ತದೆ. ಮೊಳಕೆ ಬಂದರೂ ಬೇರಿನ ತುದಿ ಕಂದಾಗಿ ಅಲ್ಲೇ ನಿಂತುಬಿಡುತ್ತದೆ. ಸಂಶಯ ಇದ್ದರೆ ಮೂರ್ನಾಲ್ಕು ಸಲ ನೀರು ಬದಲಿಸಿ ತೊಳೆಯಿರಿ, ಕೊನೆಯ ನೀರು ಚಹಾ ಬಣ್ಣ ಬಿಟ್ಟು ತಿಳಿಯಾಗುವವರೆಗೆ.

ಬೀಜದ ಮೇಲೇ ಅನುಮಾನ ಇದ್ದರೆ ಟ್ರೇ ವ್ಯರ್ಥ ಮಾಡುವ ಬದಲು ಪೇಪರ್ ಟವಲ್‌ನಲ್ಲಿ ಪರೀಕ್ಷೆ ಮಾಡಿ. ಹತ್ತು ಬೀಜ ಎಣಿಸಿ, ಒದ್ದೆ ಮಾಡಿ ಹಿಂಡಿದ ಕಾಗದದಲ್ಲಿ ಹರಡಿ, ಮಡಚಿ, ಜಿಪ್ ಚೀಲದಲ್ಲಿ ಸ್ವಲ್ಪ ಗಾಳಿ ಉಳಿಸಿ ಮುಚ್ಚಿ, ಬೆಚ್ಚಗಿನ ಜಾಗದಲ್ಲಿಡಿ. ಹತ್ತರಲ್ಲಿ ಏಳೆಂಟು ಬಂದರೆ ಬೀಜದ್ದು ತಪ್ಪಿಲ್ಲ. ನಾಲ್ಕೈದು ಬಂದರೆ ಗುಣಿಗೆ ಎರಡೆರಡು ಹಾಕಿ. ಮೊಳೆತದ್ದನ್ನು ಟ್ರೇಗೆ ಸಾಗಿಸುವುದಾದರೆ ಬೇರು ಅರ್ಧ ಸೆಂಟಿಮೀಟರ್ ಇರುವಾಗಲೇ ಸಾಗಿಸಬೇಕು. ಬಿಟ್ಟರೆ ಅದು ಕಾಗದದ ನಾರಿನೊಳಗೆ ನುಗ್ಗುತ್ತದೆ. ಆಗ ಬೇರನ್ನು ಎಳೆಯಬೇಡಿ, ಕಾಗದದ ತುಂಡನ್ನೇ ಕತ್ತರಿಸಿ ಅದರ ಸಮೇತ ನೆಡಿ. ಚಿಮಟದಲ್ಲಿ ಹಿಡಿಯುವಾಗ ಬೀಜದ ಸಿಪ್ಪೆಯನ್ನು ಹಿಡಿಯಿರಿ, ಬೇರನ್ನು ಮುಟ್ಟಲೇಬೇಡಿ.

ನೀರಿಗೆ ಹಾಕಿ ತೇಲುವ ಬೀಜ ಬಿಸಾಡುವ ಪದ್ಧತಿ ನನಗೆ ಒಪ್ಪಿಗೆ ಇಲ್ಲ. ಮೆಣಸಿನಕಾಯಿ ಬೀಜ ಹಗುರ, ಚೆನ್ನಾಗಿ ಒಣಗಿದ್ದರೆ ಒಳ್ಳೆಯದೂ ತೇಲುತ್ತದೆ. ಉಗುರು ಬೆಚ್ಚಗಿನ ನೀರಲ್ಲಿ ಒಂದು ರಾತ್ರಿ ನೆನೆಸುವುದು ಸರಿ. ಎರಡು ದಿನ ನೆನೆಸಿದರೆ ಮಾತ್ರ ಮತ್ತೆ ಅದೇ ಉಸಿರುಕಟ್ಟುವ ಕಥೆ.

ಬೀಜವನ್ನು ಮನೆಯಲ್ಲೇ ತೆಗೆಯುವವರು ಪೂರ್ತಿ ಹಣ್ಣಾದ ಕಾಯಿಯಿಂದ ತೆಗೆಯಿರಿ. ಹಸಿ ಮೆಣಸಿನಕಾಯಿಯ ಬೀಜ ಇನ್ನೂ ಬಲಿತಿರುವುದಿಲ್ಲ. ಟೊಮೆಟೊ ಬೀಜದ ಸುತ್ತ ಇರುವ ಲೋಳೆ ಮೊಳಕೆಯನ್ನು ತಡೆಯುತ್ತದೆ, ಅದನ್ನು ಎರಡು ಮೂರು ದಿನ ಹುಳಿ ಬರಿಸಿ ತೊಳೆದರೇ ಚೆನ್ನ. ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ, ತಂಪಾದ ಕಡೆ ಇಟ್ಟರೆ ಟೊಮೆಟೊ ಬೀಜ ನಾಲ್ಕು ವರ್ಷ ಸಲೀಸಾಗಿ ಬರುತ್ತದೆ, ಮೆಣಸಿನಕಾಯಿಯದು ಎರಡು ಮೂರು ವರ್ಷ. ಈರುಳ್ಳಿ ಬೀಜ ಮಾತ್ರ ವರ್ಷ ದಾಟಿದರೆ ನಂಬಬೇಡಿ.

ಆಳ? ಅರ್ಧದಿಂದ ಒಂದು ಸೆಂಟಿಮೀಟರ್. ತೀರಾ ಮೇಲೆ ಹಾಕಿದರೆ ಇನ್ನೊಂದು ತೊಂದರೆ ಇದೆ. ಮೊಳಕೆ ಸಿಪ್ಪೆಯನ್ನು ಟೋಪಿ ಹಾಕಿಕೊಂಡ ಹಾಗೆ ತಲೆ ಮೇಲೆ ಹೊತ್ತುಕೊಂಡೇ ಬರುತ್ತದೆ. ಮಣ್ಣಿನ ಉಜ್ಜಾಟ ಸಾಲದೆ, ಗಾಳಿಯೂ ಒಣಗಿದ್ದಾಗ ಹೀಗಾಗುತ್ತದೆ. ಬೀಜದೆಲೆ, ಅಂದರೆ ಬೀಜದೊಳಗಿಂದಲೇ ಬರುವ ಮೊದಲ ಎಲೆ, ಎರಡೂ ಒಳಗೇ ಸಿಕ್ಕಿಕೊಂಡಿರುತ್ತವೆ. ನಾನು ಒಂದು ಹನಿ ನೀರನ್ನು ಆ ಸಿಪ್ಪೆಯ ಮೇಲೇ ಕೂರಿಸಿ, ಅರ್ಧ ಗಂಟೆ ಬಿಟ್ಟು, ಮತ್ತೊಂದು ಹನಿ ಬಿಡುತ್ತೇನೆ. ಸಿಪ್ಪೆ ಮೆತ್ತಗಾದ ಮೇಲೆ ಚಿಮಟದ ತುದಿಯಿಂದ ಬದಿಯಲ್ಲಿ ಮೆಲ್ಲಗೆ ಒತ್ತಿದರೆ ತಾನೇ ಬಾಯಿ ಬಿಡುತ್ತದೆ. ಒಣಗಿದ್ದಾಗ ಎಳೆದರೆ ಎಲೆಯೇ ಕಿತ್ತು ಬರುತ್ತದೆ, ಸಸಿ ಅಲ್ಲಿಗೆ ಮುಗಿಯಿತು.

ಮೊದಲ ಕತ್ತು ಮೇಲೆ ಕಂಡ ಕೂಡಲೇ ಮುಚ್ಚಳ ತೆಗೆಯಿರಿ, ಬೆಳಕು ಕೊಡಿ. ನಾಳೆ ಮಾಡಿದರಾಯಿತು ಅನ್ನುವ ಕೆಲಸ ಇದಲ್ಲ. ಒಂದೇ ರಾತ್ರಿಯಲ್ಲಿ ಕಾಂಡ ಬೆಳಕು ಹುಡುಕಿ ಉದ್ದವಾಗಿಬಿಡುತ್ತದೆ. ಕಿಟಕಿಯ ಬೆಳಕು ನಮ್ಮ ಕಣ್ಣಿಗೆ ಧಾರಾಳ ಅನ್ನಿಸಿದರೂ ಸಸಿಗೆ ಸಾಲದು, ಅದೂ ಒಂದೇ ಕಡೆಯಿಂದ ಬರುತ್ತದೆ. ದುಬಾರಿ ಗ್ರೋ ಲೈಟ್ ಬೇಕು ಅಂತ ನನಗೆ ಅನ್ನಿಸಿಲ್ಲ. ಬಿಳಿ ಎಲ್‌ಇಡಿ ಟ್ಯೂಬನ್ನೇ ಸಸಿಯ ತಲೆಯಿಂದ ಒಂದು ಗೇಣಿಗಿಂತ ಕಡಿಮೆ ಎತ್ತರದಲ್ಲಿ ತೂಗುಹಾಕಿ, ದಿನಕ್ಕೆ 14ರಿಂದ 16 ಗಂಟೆ ಉರಿಸುತ್ತೇನೆ. ರಾತ್ರಿ ಆರಿಸಲೇಬೇಕು. ಎಲೆಯ ಎತ್ತರಕ್ಕೆ ಕೈ ಹಿಡಿದು ನೋಡಿ. ಬಿಸಿ ತಟ್ಟಿದರೆ ಮೇಲೆತ್ತಿ. ಸಸಿ ಸಣಕಲಾಗಿ ಉದ್ದವಾಗುತ್ತಿದ್ದರೆ ಕೆಳಗಿಳಿಸಿ.

ಉದ್ದವಾಗಿಬಿಟ್ಟ ಟೊಮೆಟೊ ಸಸಿಯನ್ನು ಬದಲಿ ನೆಡುವಾಗ ಬೀಜದೆಲೆಯವರೆಗೂ ಹೂತುಬಿಡಬಹುದು, ಹೂತ ಕಾಂಡದಲ್ಲೆಲ್ಲ ಬೇರು ಬರುತ್ತದೆ. ಮೆಣಸಿನಕಾಯಿಗೆ ಆ ಶಕ್ತಿ ಕಡಿಮೆ, ಅದನ್ನು ಸ್ವಲ್ಪ ಇಳಿಸಿ ನೆಟ್ಟರೆ ಸಾಕು.

ಈಗ ಎಲ್ಲರ ಹೊಟ್ಟೆ ಉರಿಸುವ ವಿಷಯ. ರಾತ್ರಿ ಚೆನ್ನಾಗಿದ್ದ ಸಸಿ ಬೆಳಗ್ಗೆ ಮಲಗಿರುತ್ತದೆ. ಎಲೆ ಇನ್ನೂ ಹಸಿರಾಗೇ ಇರುತ್ತದೆ. ಮಣ್ಣಿನ ಮಟ್ಟದಲ್ಲಿ ಕಾಂಡ ನೋಡಿದರೆ ಅಲ್ಲಿ ಮಾತ್ರ ನೀರು ಕುಡಿದಂತೆ ಕಂದಾಗಿ, ಹಿಂಡಿದಂತೆ ತೆಳ್ಳಗಾಗಿರುತ್ತದೆ. ಇದು ಸಸಿ ಕೊಳೆ ರೋಗ. ಬಾಡಿದೆ ಅಂತ ನೀರು ಹಾಕಿದರೆ ಪಕ್ಕದವನ್ನೂ ಕಳೆದುಕೊಳ್ಳುತ್ತೀರಿ. ಪಿಥಿಯಂ, ರೈಜೋಕ್ಟೋನಿಯಾ, ಫ್ಯುಸೇರಿಯಂ ಅಂತ ಹಲವು ಜೀವಿಗಳು ಇದನ್ನು ತರುತ್ತವೆ. ಅದರಲ್ಲಿ ಪಿಥಿಯಂ ನಿಜವಾದ ಶಿಲೀಂಧ್ರವೂ ಅಲ್ಲ, ನೀರಲ್ಲಿ ಈಜುವ ಬೀಜಾಣು ಬಿಡುವ ಬೇರೆಯೇ ಗುಂಪಿನದು. ಟ್ರೇಯಲ್ಲಿ ನೀರು ನಿಂತಿದ್ದರೆ ಅದು ಗುಣಿಯಿಂದ ಗುಣಿಗೆ ಹೇಗೆ ಹೋಗುತ್ತದೆ ಅಂತ ಹೇಳಬೇಕಾಗಿಲ್ಲ, ಅಲ್ವಾ?

ಬಿದ್ದ ಸಸಿಗೆ ಔಷಧಿ ಇಲ್ಲ. ಗುಣಿಯ ಮಣ್ಣಿನ ಸಮೇತ ತೆಗೆದು ಹೊರಗೆ ಹಾಕುತ್ತೇನೆ. ಉಳಿದವುಗಳಿಗೆ ನೀರು ನಿಲ್ಲಿಸಿ, ಸಣ್ಣ ಫ್ಯಾನ್ ಹಚ್ಚಿ, ಮಣ್ಣಿನ ಮೇಲ್ಮೈ ಆರುವಂತೆ ಮಾಡುತ್ತೇನೆ. ಆದರೆ ಇದೆಲ್ಲ ಬಂದ ಮೇಲಿನ ಮಾತು. ಬರದ ಹಾಗೆ ಮಾಡುವುದು ನೀರು ಕೊಡುವ ರೀತಿಯಲ್ಲಿದೆ. ಟ್ರೇಯನ್ನು ಒಂದು ತಟ್ಟೆಯ ನೀರಿನಲ್ಲಿ ಇಟ್ಟು, ತಳದಿಂದ ಹೀರಲು ಬಿಟ್ಟು, ಮೇಲಿನ ಬಣ್ಣ ಕಪ್ಪಾಗಲು ಶುರುವಾದ ಕೂಡಲೇ ಎತ್ತಿಬಿಡುತ್ತೇನೆ. ತಟ್ಟೆಯಲ್ಲಿ ಉಳಿದ ನೀರು ಚೆಲ್ಲಬೇಕು. ಮುಂದಿನ ಸಲ ನೀರು ಯಾವಾಗ ಅನ್ನುವುದಕ್ಕೆ ನಾನು ದಿನ ಎಣಿಸುವುದಿಲ್ಲ, ಟ್ರೇ ಎತ್ತಿ ನೋಡುತ್ತೇನೆ. ಹಗುರಾಗಿದ್ದರೆ ಕೊಡುವುದು, ಭಾರ ಇದ್ದರೆ ಇಲ್ಲ. ಎರಡು ಮೂರು ಸಲ ಎತ್ತಿದರೆ ಕೈಗೆ ತೂಕ ರೂಢಿಯಾಗುತ್ತದೆ. ಹಳೇ ಟ್ರೇಗಳನ್ನು ಸೋಪು ಹಾಕಿ ಉಜ್ಜಿ, ಬ್ಲೀಚ್ ನೀರಲ್ಲಿ ಅದ್ದಿ ಒಣಗಿಸುತ್ತೇನೆ. ಟ್ರೈಕೋಡರ್ಮಾ ಅನ್ನುವ, ರೋಗ ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ ಸಿಕ್ಕಿದರೆ ಬೀಜ ಹಾಕುವ ಮೊದಲೇ ಮಣ್ಣಿಗೆ ಬೆರೆಸಿ. ಸಸಿ ಬಿದ್ದ ಮೇಲೆ ಹಾಕಿ ಪ್ರಯೋಜನ ಇಲ್ಲ.

ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣಗಳು ಓಡಾಡುತ್ತಿದ್ದರೆ ಅದೂ ಮಣ್ಣು ಆರುತ್ತಿಲ್ಲ ಅನ್ನುವ ದೂರೇ. ಅವುಗಳ ಮರಿಹುಳು ಎಳೆ ಬೇರು ತಿನ್ನುತ್ತವೆ. ಹಳದಿ ಅಂಟು ಹಾಳೆ ಬೆಳೆದ ನೊಣಗಳನ್ನು ಹಿಡಿಯುತ್ತದೆ, ಮರಿಗಳಿಗೆ ಏನೂ ಮಾಡುವುದಿಲ್ಲ. ಮೇಲಿನ ಪದರ ಒಣಗಲು ಬಿಡುವುದೇ ಅವಕ್ಕೆ ಮದ್ದು.

ಗೊಬ್ಬರದ ಅವಸರ ಬೇಡ. ಬೀಜದೆಲೆಯಲ್ಲಿ ಬುತ್ತಿ ಇರುತ್ತದೆ. ನಿಜವಾದ ಎಲೆ ಎರಡು ಬಿಚ್ಚಿಕೊಂಡ ಮೇಲೆ, ಪೊಟ್ಟಣದಲ್ಲಿ ಬರೆದ ಪ್ರಮಾಣದ ಕಾಲು ಭಾಗ ಕೊಟ್ಟು ನೋಡಿ. ಎಲೆ ತುದಿ ಸುಟ್ಟಂತೆ ಕಂದಾದರೆ ಜಾಸ್ತಿಯಾಗಿದೆ. ಎಲೆಯ ಅಡಿ ನೇರಳೆ ಬಣ್ಣಕ್ಕೆ ತಿರುಗಿದರೆ ಎಲ್ಲರೂ ರಂಜಕ ಕಡಿಮೆ ಅಂತ ಗೊಬ್ಬರ ಹುಡುಕುತ್ತಾರೆ. ಚಳಿ ಇದ್ದಾಗ ಮಣ್ಣಲ್ಲಿ ರಂಜಕ ಇದ್ದರೂ ಬೇರು ಎಳೆದುಕೊಳ್ಳುವುದಿಲ್ಲ. ನಾನು ಮೊದಲು ಟ್ರೇಯನ್ನು ಬೆಚ್ಚಗೆ ಮಾಡುತ್ತೇನೆ, ಹೊಸ ಎಲೆ ಹಸಿರಾಗಿ ಬಂದರೆ ಗೊಬ್ಬರದ ಡಬ್ಬಿ ತೆರೆಯುವುದೇ ಇಲ್ಲ. ಇನ್ನು, ಬೀಡಿ ಸಿಗರೇಟು ಸೇದುವವರು ಸಸಿ ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ. ಸುಮ್ನೆ ಹೇಳುತ್ತಿಲ್ಲ. ತಂಬಾಕಿನ ಮೊಸಾಯಿಕ್ ವೈರಸ್ ಟೊಮೆಟೊ, ಮೆಣಸಿನಕಾಯಿಗೂ ಹತ್ತುತ್ತದೆ, ಕೈಯಿಂದಲೇ ಹರಡುತ್ತದೆ.

ಹೊರಗೆ ನೆಡುವ ಮೊದಲು ಒಂದು ವಾರ ಹತ್ತು ದಿನ ಸಸಿಯನ್ನು ಬಿಸಿಲಿಗೆ ಹೊಂದಿಸಬೇಕು. ಮೊದಲ ದಿನ ನೆರಳಲ್ಲಿ ಒಂದೆರಡು ಗಂಟೆ, ಆಮೇಲೆ ಬೆಳಗಿನ ಎಳೆ ಬಿಸಿಲು, ಹಾಗೇ ಏರಿಸುತ್ತಾ ಹೋಗಿ. ನೇರ ಬಿಸಿಲಿಗೆ ಒಮ್ಮೆಲೇ ಇಟ್ಟರೆ ಎಲೆ ಬೆಳ್ಳಗೆ ಕಾಗದದಂತೆ ಒಣಗುತ್ತದೆ. ಅದನ್ನು ರೋಗ ಅಂದುಕೊಂಡು ಔಷಧಿ ಹೊಡೆಯಬೇಡಿ. ತುದಿಯ ಚಿಗುರು ಹಸಿರಾಗಿದ್ದರೆ ನೆರಳಿಗೆ ತಂದಿಡಿ, ಹೊಸ ಎಲೆ ಬಿಡುತ್ತದೆ.