ಬೆಂಗಳೂರಿನ ವಿಳಾಸಗಳನ್ನು ಮ್ಯಾಪಿಗೆ ಏರಿಸಿದ್ದು: ನನ್ನ ಅನುಭವ

ಮನೆಮನೆಗೆ ತರಕಾರಿ ಕಳಿಸುವ ಸ್ನೇಹಿತರೊಬ್ಬರಿಗೆ ತಮ್ಮ ಗ್ರಾಹಕರ ಮನೆಗಳು ಮ್ಯಾಪಿನ ಮೇಲೆ ಬೇಕಿತ್ತು. ಯಾವ ಮನೆ ಯಾವ ದಾರಿಯಲ್ಲಿ ಬರುತ್ತೆ ಅಂತ ಗೊತ್ತಾದರೆ ಗಾಡಿ ಸುಮ್ನೆ ಸುತ್ತೋದು ತಪ್ಪುತ್ತೆ ಅಲ್ವಾ? ವಿಳಾಸಗಳೆಲ್ಲ ಎಕ್ಸೆಲ್ ಶೀಟಿನಲ್ಲಿದ್ದವು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಜಿಯೋಪೈ ಲೈಬ್ರರಿ (ಸಿದ್ಧ ಕೋಡಿನ ಕಟ್ಟು) ತಗೊಂಡೆ. ಅದರ ಮೂಲಕ ನಾಮಿನೇಟಿಮ್ ಅನ್ನೋ ವಿಳಾಸ ಹುಡುಕುವ ಸೇವೆಯನ್ನು ಕೇಳಿದರೆ, ಅದು ಜನರೇ ಸೇರಿ ಮಾಡಿದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮ್ಯಾಪಿನಲ್ಲಿ ಹುಡುಕಿ ಅಕ್ಷಾಂಶ, ರೇಖಾಂಶ ಕೊಡುತ್ತದೆ.

ಕೋಡ್ ನಾಲ್ಕೈದು ಸಾಲು ಅಷ್ಟೇ. ಆದರೆ ನಾಮಿನೇಟಿಮ್‌ನ ಸರ್ವರ್ ಎಲ್ಲರಿಗೂ ಉಚಿತ, ಹಾಗಾಗಿ ಸೆಕೆಂಡಿಗೆ ಒಂದಕ್ಕಿಂತ ಜಾಸ್ತಿ ಪ್ರಶ್ನೆ ಕಳಿಸುವಂತಿಲ್ಲ. ಪ್ರಶ್ನೆಯ ಜೊತೆ ಹೋಗುವ ಯೂಸರ್ ಏಜೆಂಟ್ ಅನ್ನೋ ಗುರುತಿನಲ್ಲಿ ನಮ್ಮ ಅಪ್ಲಿಕೇಶನ್ನಿನ ಹೆಸರನ್ನೂ ಹೇಳಬೇಕು. ಪ್ರಶ್ನೆಗಳ ನಡುವೆ ಬಿಡುವು ಕೊಡಲು ಜಿಯೋಪೈನಲ್ಲೇ ಇರುವ ರೇಟ್‌ಲಿಮಿಟರ್‌ಗೆ ಒಂದು ಸೆಕೆಂಡ್ ಅಂತರ ಕೊಟ್ಟೆ. ಬಂದ ಉತ್ತರವನ್ನೆಲ್ಲ ಒಂದು ಫೈಲಿನಲ್ಲಿ ಉಳಿಸಿಕೊಂಡೆ, ಮತ್ತೆ ಅದೇ ವಿಳಾಸ ಕೇಳಬಾರದಲ್ಲ. ಗ್ರಾಹಕರ ಹೆಸರು, ಫೋನ್ ನಂಬರ್ ಮೊದಲೇ ತೆಗೆದಿದ್ದೆ. ಹೊರಗಿನ ಸರ್ವರ್‌ಗೆ ಅವು ಯಾಕೆ ಹೋಗಬೇಕು?

ನಿಜವಾದ ಕೆಲಸ ಇರೋದು ವಿಳಾಸದಲ್ಲಿ. ನಮ್ಮಲ್ಲಿ ಜನ ಹೇಗೆ ಬರೆಯುತ್ತಾರೆ ನೋಡಿ: ಮನೆ ನಂಬರ್, ಪಕ್ಕದಲ್ಲಿ ಹಳೇ ನಂಬರ್, ಮೊದಲನೇ ಮಹಡಿ, 5ನೇ ಕ್ರಾಸ್, 3ನೇ ಮೇನ್, ಗಣೇಶನ ಗುಡಿ ಹಿಂದೆ, ರಾಜಾಜಿನಗರ. ದಾರಿ ಕೇಳಿಕೊಂಡು ಬರುವವರಿಗೆ ಇದು ಒಳ್ಳೆಯ ವಿಳಾಸ. ನಾಮಿನೇಟಿಮ್‌ಗೆ ಮಾತ್ರ ‘ಗುಡಿ ಹಿಂದೆ’ ಅಂದರೆ ಏನೂ ಅರ್ಥವಾಗಲ್ಲ, ಉತ್ತರ ಖಾಲಿ ಬರುತ್ತದೆ. ಅದಕ್ಕೆ ಹಿಂದೆ, ಎದುರು, ಹತ್ತಿರ ಇರುವ ತುಣುಕುಗಳನ್ನೆಲ್ಲ ಬೇರೆ ಕಾಲಂಗೆ ಹಾಕಿದೆ. ಅಳಿಸಲಿಲ್ಲ, ಗಾಡಿಯವರಿಗೆ ಬೇಕಾಗೋದೇ ಅವು. ಮುಖ್ಯರಸ್ತೆ, ಮೇನ್ ರೋಡ್, ರೋಮನ್ ಅಂಕಿಯ ಮೇನ್ ಎಲ್ಲವನ್ನೂ ಒಂದೇ ರೂಪಕ್ಕೆ ತಂದೆ. ಆಮೇಲೂ ಸಿಗದಿದ್ದರೆ ಎಡಗಡೆಯಿಂದ ಒಂದೊಂದೇ ತುಣುಕು ಬಿಡುತ್ತಾ ಕೇಳುವುದು: ಮೊದಲು ಮನೆ ನಂಬರ್ ಬಿಟ್ಟು, ನಂತರ ಕ್ರಾಸ್ ಬಿಟ್ಟು, ಕೊನೆಗೆ ಬರೀ ಬಡಾವಣೆ. ಮಲ್ಲೇಶ್ವರದ ಸಂಪಿಗೆ ರಸ್ತೆಯಂಥ ಹೆಸರಿರುವ ರಸ್ತೆಗಳು ಬೇಗ ಸಿಗುತ್ತವೆ. 3ನೇ ಮೇನ್ ಬಡಾವಣೆಗೊಂದು ಇರುವುದರಿಂದ ಬಡಾವಣೆಯ ಹೆಸರು ಬಿಟ್ಟು ಕೇಳುವ ಹಾಗೇ ಇಲ್ಲ.

ಊರಿನ ಗಡಿ ಹಾಕುವುದೂ ಅಷ್ಟೇ ಮುಖ್ಯ. ಗಾಂಧಿನಗರ ಬೆಂಗಳೂರಿನಲ್ಲೂ ಇದೆ, ಮೈಸೂರಿನಲ್ಲೂ ಇದೆ, ಗುಜರಾತಿನ ರಾಜಧಾನಿಯ ಹೆಸರೂ ಅದೇ. ದೇಶ ಭಾರತ ಅಂತ ಹೇಳಿದರೆ ಸಾಲದು. ಹುಡುಕುವ ಜಾಗ ಹೇಳುವ ವ್ಯೂಬಾಕ್ಸ್‌ನಲ್ಲಿ ಬೆಂಗಳೂರಿನ ಚೌಕ ಕೊಟ್ಟು, ಅದರಾಚೆ ಹುಡುಕಬೇಡ ಅಂತ ಬೌಂಡೆಡ್ ಅನ್ನು ಟ್ರೂ ಮಾಡಿದೆ.

ಇಷ್ಟಾದ ಮೇಲೆ ಚುಕ್ಕಿ ಬಂತು ಅಂತ ನಂಬಿಬಿಡಬಾರದು. ಬಡಾವಣೆ ಮಾತ್ರ ಸಿಕ್ಕಿದ್ದರೆ ಬರುವುದು ಇಡೀ ಬಡಾವಣೆಗೆ ಒಂದೇ ಚುಕ್ಕಿ. ಹತ್ತು ಮನೆ ಒಂದರ ಮೇಲೊಂದು ಕೂರುತ್ತವೆ, ಶೀಟಿನಲ್ಲಿ ಮಾತ್ರ ಎಲ್ಲವೂ ಸರಿಯಾಗಿರುವಂತೆ ಕಾಣುತ್ತೆ. ಉತ್ತರದ ರಾ (raw) ಭಾಗದಲ್ಲಿ ಬೌಂಡಿಂಗ್ ಬಾಕ್ಸ್, ಅಂದರೆ ಸಿಕ್ಕ ಜಾಗವನ್ನು ಸುತ್ತುವರಿಯುವ ಚೌಕ, ಇರುತ್ತದೆ. ಅದರ ಅಗಲ 0.01 ಡಿಗ್ರಿ ಇದ್ದರೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಅಂತ ಲೆಕ್ಕ. ಅದನ್ನು ನೋಡಿ ಪ್ರತಿ ಸಾಲಿಗೂ ಮನೆ, ರಸ್ತೆ, ಬಡಾವಣೆ ಅಂತ ಗುರುತು ಹಾಕಿದೆ. ನನ್ನ ಪ್ರಕಾರ ಇಡೀ ಶೀಟಿನಲ್ಲಿ ಬೆಲೆ ಇರುವುದು ಈ ಕಾಲಂಗೇ.

ಇನ್ನೊಂದು ಮಾತು. ಜಿಯೋಪೈ ಅಕ್ಷಾಂಶ ಮೊದಲು ಕೊಡುತ್ತದೆ, ಚುಕ್ಕಿಗಳನ್ನು ಮ್ಯಾಪಿಗೆ ಕೊಡುವ ಜಿಯೋಜೇಸನ್ ಫೈಲಿಗೆ ರೇಖಾಂಶ ಮೊದಲು ಬೇಕು. ಬೆಂಗಳೂರು ಸುಮಾರು ಅಕ್ಷಾಂಶ 12.97, ರೇಖಾಂಶ 77.59. ಇದು ತಿರುಗುಮುರುಗಾದರೆ ತರಕಾರಿ ಗಾಡಿ ನಾರ್ವೆಯ ಸ್ವಾಲ್ಬಾರ್ಡ್ ಪಕ್ಕದ ಸಮುದ್ರಕ್ಕೆ ಹೋಗಬೇಕಾಗುತ್ತೆ. ಅಕ್ಷಾಂಶ 12.7ರಿಂದ 13.2ರ ಒಳಗಿದೆಯಾ ಅನ್ನೋ ಒಂದು ಸಾಲಿನ ಪರೀಕ್ಷೆ ಸಾಕು.

‘ಬಡಾವಣೆ’ ಗುರುತಿನ ಸಾಲುಗಳನ್ನು ಗಾಡಿಯವರ ಕೈಗೇ ಕೊಟ್ಟೆವು. ಮನೆ ಬಾಗಿಲಲ್ಲಿ ನಿಂತಾಗ ಫೋನಿನಿಂದ ಲೊಕೇಶನ್ ಕಳಿಸುತ್ತಾರೆ, ಅದು ಹಳೇ ಚುಕ್ಕಿಯ ಜಾಗಕ್ಕೆ ಹೋಗುತ್ತದೆ, ಪಕ್ಕದಲ್ಲಿ ‘ನೇರ’ ಅಂತ ಗುರುತು ಬೀಳುತ್ತದೆ. ಸ್ಕ್ರಿಪ್ಟ್ ಮತ್ತೆ ಓಡಿದರೂ ಆ ಸಾಲನ್ನು ಮುಟ್ಟುವುದಿಲ್ಲ.