ಡಿಸ್ಕ್ ಇಲ್ಲದ ಹಳೆಯ ಕಂಪ್ಯೂಟರಿನಲ್ಲಿ ಲಿನಕ್ಸ್

ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ ಅದರ ಬಯೋಸ್‌ನಲ್ಲಿ (ಆನ್ ಮಾಡಿದೊಡನೆ ಮೊದಲು ಓಡುವ ಮೂಲ ತಂತ್ರಾಂಶ) ನೆಟ್‌ವರ್ಕ್ ಮೂಲಕ ಬೂಟ್ ಆಗುವ ಪಿಎಕ್ಸ್‌ಇ ಸೌಲಭ್ಯವಿದೆಯೇ ಎಂದು ನೋಡಿ. ಇದ್ದರೆ ಹಾರ್ಡ್ ಡಿಸ್ಕನ್ನು ಕಳಚಿ, ಬೂಟ್ ಕ್ರಮದಲ್ಲಿ ನೆಟ್‌ವರ್ಕನ್ನೇ ಮೊದಲಿಗಿಡಿ.

ಸರ್ವರ್‌ನಲ್ಲಿ, ಅಂದರೆ ಅದೇ ಜಾಲದ ಇನ್ನೊಂದು ಲಿನಕ್ಸ್ ಕಂಪ್ಯೂಟರಿನಲ್ಲಿ, ಎಲ್‌ಟಿಎಸ್‌ಪಿ (ಡಿಸ್ಕ್ ಇಲ್ಲದ ಕಂಪ್ಯೂಟರುಗಳಿಗೆ ಲಿನಕ್ಸ್ ಒದಗಿಸುವ ತಂತ್ರಾಂಶ) ಹಾಗೂ ಡಿಎನ್‌ಎಸ್‌ಮಾಸ್ಕ್ (ಡಿಎಚ್‌ಸಿಪಿ, ಟಿಎಫ್‌ಟಿಪಿ ಸೇವೆಗಳನ್ನು ಕೊಡುವ ತಂತ್ರಾಂಶ) ಸ್ಥಾಪಿಸಿದ ಮೇಲೆ, ಈ ಕಂಪ್ಯೂಟರ್ ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಐಪಿ ವಿಳಾಸವನ್ನೂ, ಕಡತ ಕಳುಹಿಸುವ ಟಿಎಫ್‌ಟಿಪಿಯಿಂದ ಕರ್ನಲನ್ನೂ (ಲಿನಕ್ಸ್‌ನ ತಿರುಳು) ಪಡೆದು, ಉಳಿದ ಕಡತಗಳನ್ನು ಎನ್‌ಎಫ್‌ಎಸ್ (ಜಾಲದಲ್ಲಿ ಕಡತ ಹಂಚಿಕೊಳ್ಳುವ ವ್ಯವಸ್ಥೆ) ಮೂಲಕ ಓದಿಕೊಳ್ಳುತ್ತದೆ. ರೂಟರ್ ಈಗಾಗಲೇ ವಿಳಾಸ ಹಂಚುತ್ತಿದ್ದರೆ ಡಿಎನ್‌ಎಸ್‌ಮಾಸ್ಕನ್ನು ವಿಳಾಸ ಹಂಚದೆ ಬೂಟ್ ಮಾಹಿತಿಯನ್ನಷ್ಟೇ ಕೊಡುವ ಪ್ರಾಕ್ಸಿ ಡಿಎಚ್‌ಸಿಪಿಯಾಗಿ ಮಾತ್ರ ನಡೆಸಿ. ಒಂದೇ ಜಾಲದಲ್ಲಿ ಎರಡು ಕಡೆಯಿಂದ ವಿಳಾಸ ಹಂಚಿಕೆಯಾದರೆ ದೋಷ ಹುಡುಕುವುದರಲ್ಲೇ ದಿನ ಕಳೆದುಹೋಗುತ್ತದೆ.

2019ರಲ್ಲಿ ಹೊಸದಾಗಿ ಬರೆಯಲಾದ ಎಲ್‌ಟಿಎಸ್‌ಪಿಯಲ್ಲಿ ತಂತ್ರಾಂಶಗಳು ಸಾಮಾನ್ಯವಾಗಿ ಸರ್ವರ್‌ನಲ್ಲಲ್ಲದೆ ಆಯಾ ಕಂಪ್ಯೂಟರಿನಲ್ಲೇ ಓಡುವುದರಿಂದ, ಡಿಸ್ಕ್ ಕೊಳ್ಳದೆ ಉಳಿದ ಹಣವನ್ನು ರ‍್ಯಾಮ್‌ಗೆ ಹಾಕುವುದು ಮೇಲೆಂದು ನನ್ನ ಅಭಿಪ್ರಾಯ. ಪ್ರತಿ ಬೆಳಿಗ್ಗೆ ಬೂಟ್ ಕ್ರಮ ಅಳಿಸಿಹೋಗುತ್ತಿದ್ದರೆ, ಬಯೋಸ್ ಆಯ್ಕೆಗಳನ್ನು ಉಳಿಸಿಡುವ, ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಬ್ಯಾಟರಿಯನ್ನು ಬದಲಿಸಿ.