ಕರಡಿಗೆ ಕುಸ್ತಿ ಕಲಿಸಲು ಹೋಗಿ

ನನ್ನ ಗೇಮನ್ನು ಮೊದಲು ಆಡಿದ್ದು ಅಕ್ಕನ ಮಗ. ಐದನೇ ಕ್ಲಾಸು. ಮೊದಲನೇ ಲೆವೆಲ್‌ನಲ್ಲೇ ಹನ್ನೊಂದು ಸಲ ಸತ್ತ. ಹನ್ನೆರಡನೇ ಸಲಕ್ಕೆ ಫೋನನ್ನು ಮಂಚದ ಮೇಲೆ ಎಸೆದು, "ಮಾಮ, ಇದು ಮೋಸ ಐತಿ" ಅಂದು ಹೊರಗೆ ಓಡಿಹೋದ. ಎಂಟು ತಿಂಗಳು, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕೂತು ಮಾಡಿದ್ದ ಗೇಮ್ ಅದು. ಬೇಜಾರಾಯ್ತು. ಆದರೆ ಹುಡುಗ ಹೇಳಿದ್ದು ನಿಜ, ಅದು ಮೋಸವೇ ಆಗಿತ್ತು. ಅದು ನನ್ನ ತಲೆಗೆ ಹೋಗೋಕೆ ಇನ್ನೂ ಎರಡು ವಾರ ಹಿಡೀತು.

ನಾನು ದಾವಣಗೆರೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರೋನು. ಗೇಮ್ ಮಾಡೋದನ್ನು ಯಾವ ಕಾಲೇಜಲ್ಲೂ ಕಲಿತಿಲ್ಲ. ಚಿಕ್ಕವನಿದ್ದಾಗ ವಿಡಿಯೋ ಗೇಮ್ ಅಂಗಡಿಯಲ್ಲಿ ಕಾಯಿನ್ ಹಾಕಿ 'ಮುಸ್ತಫಾ' ಆಡಿದವನು, ಅಷ್ಟೇ. ಅದರ ನಿಜವಾದ ಹೆಸರು ಕ್ಯಾಡಿಲ್ಯಾಕ್ಸ್ ಅಂಡ್ ಡೈನೋಸಾರ್ಸ್, ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದಿದ್ದು ಅಂತ ಗೊತ್ತಾಗಿದ್ದು ಮದುವೆ ಆದಮೇಲೆ. ಕುಂಗ್‌ಫೂ ಮಾಡೋ ಪ್ರಾಣಿಗಳ ಗೇಮ್ ಬೇಕಾದಷ್ಟಿವೆ. ನಮ್ಮೂರಲ್ಲಿ ಗರಡಿ ಮನೆ ಇದೆ, ಕುಸ್ತಿ ಇದೆ, ಪಕ್ಕದ ಚಿತ್ರದುರ್ಗದ ಜೋಗಿಮಟ್ಟಿ ಕಾಡಲ್ಲಿ ಕರಡಿ ಇದೆ. ಜಾಂಬವಂತ ಸಾಕ್ಷಾತ್ ಕೃಷ್ಣನ ಜೊತೆಗೇ ಮಲ್ಲಯುದ್ಧಕ್ಕೆ ಇಳಿದವನಲ್ವಾ? ಹಾಗಾಗಿ ಲಂಗೋಟಿ ಕಟ್ಟಿದ ಕರಡಿ ಹೀರೋ ಆಯ್ತು, ಹೆಸರು ಜಾಂಬ.

ಗೇಮ್ ಮಾಡೋಕೆ ಬಳಸಿದ ಸಾಫ್ಟ್‌ವೇರ್ ಗೋಡೋ. ದುಡ್ಡು ಕೊಡೋ ಹಾಗಿಲ್ಲ, ಕೋಡ್ ಕೂಡ ಎಲ್ಲರಿಗೂ ತೆರೆದಿದೆ, ಅಂಗಡಿಯ ಹಳೇ ಕಂಪ್ಯೂಟರ್‌ನಲ್ಲೂ ಓಡುತ್ತೆ. ಅದರ ಬಗ್ಗೆ ಜಾಸ್ತಿ ಹೇಳಲ್ಲ, ಕಲಿಯೋಕೆ ವಿಡಿಯೋಗಳು ರಾಶಿ ಇವೆ.

ಈಗ ಆ ಮೋಸದ ಕಥೆ. ಮೊದಲನೇ ಲೆವೆಲ್ ಗರಡಿ ಮನೆ. ಕೆಂಪು ಮಟ್ಟಿ, ಗೋಡೆಗೆ ಒರಗಿಸಿದ ಗದೆ, ಕಲ್ಲುಗುಂಡು, ಎದುರಾಳಿ ಒಂದು ಟಗರು. ಟಗರು ಬಂದು ಗುದ್ದುತ್ತೆ, ಜಾಂಬ ಪಕ್ಕಕ್ಕೆ ಸರಿದು ಅದರ ಸೊಂಟ ಹಿಡಿದು ಚಿತ್ ಮಾಡಬೇಕು. ನಾನು ಆಡಿದರೆ ಒಂದು ಸಲವೂ ಸೋಲ್ತಿರಲಿಲ್ಲ, ಯಾಕಂದರೆ ಟಗರು ಯಾವಾಗ ಗುದ್ದುತ್ತೆ ಅಂತ ಬರೆದವನೇ ನಾನು. ನಿಂತ ಟಗರು ಹೊರಡೋದಕ್ಕೂ ಗುದ್ದು ಬೀಳೋದಕ್ಕೂ ನಡುವೆ ನಾನು ಕೊಟ್ಟಿದ್ದು 12 ಫ್ರೇಮ್. ಫ್ರೇಮ್ ಅಂದರೆ ಸ್ಕ್ರೀನ್ ಮೇಲೆ ಒಂದಾದ ಮೇಲೊಂದು ಬರೋ ಒಂದೊಂದು ಚಿತ್ರ. ಸೆಕೆಂಡಿಗೆ 60 ಫ್ರೇಮ್ ಅಂದರೆ 0.2 ಸೆಕೆಂಡ್. ಕಣ್ಣಿಗೆ ಕಂಡದ್ದಕ್ಕೆ ಬೆರಳು ಒತ್ತೋಕೆ ಮನುಷ್ಯನಿಗೆ ಹೆಚ್ಚುಕಮ್ಮಿ ಕಾಲು ಸೆಕೆಂಡ್ ಬೇಕು. ಅಂದರೆ ಆ ಹುಡುಗ ಎಷ್ಟೇ ಚುರುಕಾಗಿದ್ದರೂ ನೋಡಿ ತಪ್ಪಿಸಿಕೊಳ್ಳೋದು ಸಾಧ್ಯವೇ ಇರಲಿಲ್ಲ. ಅವನು ಬರೀ ಊಹೆ ಮಾಡಿ ಒತ್ತುತ್ತಿದ್ದ.

ಇದನ್ನು ಬಿಡಿಸಿ ಹೇಳಿದ್ದು ಕಂಪ್ಯೂಟರ್ ಗೊತ್ತಿರೋರು ಯಾರೂ ಅಲ್ಲ. ನಮ್ಮ ಅಂಗಡಿ ಹತ್ತಿರ ಕುಸ್ತಿ ಕಲಿಸೋ ಒಬ್ಬರು ವಯಸ್ಸಾದ ಉಸ್ತಾದರಿದ್ದಾರೆ, ಪಟ್ಟುಗಳ ಚಿತ್ರ ಬರೆಯೋಕೆ ಅವರನ್ನೇ ಕೇಳ್ತಿದ್ದೆ. ಸ್ಕ್ರೀನ್ ಮೇಲೆ ಟಗರು ನೋಡಿ ನಕ್ಕರು. "ತಮ್ಮಾ, ಟಗರು ನಿಂತಲ್ಲಿಂದ ಗುದ್ತತೇನು? ನಾಕು ಹೆಜ್ಜೆ ಹಿಂದಕ್ಕೆ ಹೋಗಂಗಿಲ್ಲೇನು? ಪೈಲ್ವಾನಂದೂ ಅಷ್ಟೇ. ಕೈ ಬರೋಕ್ಕಿಂತ ಮುಂಚೆ ಹೆಗಲು ಬರ್ತತಿ."

ಅವತ್ತು ರಾತ್ರಿಯೇ ಟಗರನ್ನು ಬದಲಾಯಿಸಿದೆ. ಈಗ ಅದು ಮೊದಲು ತಲೆ ತಗ್ಗಿಸುತ್ತೆ, ಎರಡು ಹೆಜ್ಜೆ ಹಿಂದೆ ಸರಿಯುತ್ತೆ, ಕಾಲಲ್ಲಿ ಮಣ್ಣು ಕೆರೆಯುತ್ತೆ, ಎಲ್ಲಾ ಸೇರಿ 30 ಫ್ರೇಮ್, ಅರ್ಧ ಸೆಕೆಂಡ್, ಆಮೇಲೆ ಓಟ. ಗುದ್ದಿನ ಜೋರು ಮಾತ್ರ ಮೊದಲಿನದಕ್ಕಿಂತ ಜಾಸ್ತಿ ಮಾಡಿದೆ. ಅಕ್ಕನ ಮಗ ಮೂರು ಸಲ ಸೋತ, ನಾಲ್ಕನೇ ಸಲ ಗೆದ್ದು ಕಿರುಚಿದ. ಸೋತಾಗಲೂ ಮೋಸ ಅನ್ನಲಿಲ್ಲ, "ನಾನೇ ತಡ ಮಾಡ್ದೆ" ಅಂದ. ಆ ಮಾತು ಕೇಳೋಕೆ ಎಷ್ಟು ಖುಷಿ ಅಂದರೆ, ಆಮೇಲೆ ಮಾಡಿದ ಪ್ರತಿ ಶತ್ರುವಿಗೂ ನಾನು ಮೊದಲು ಬರೆದಿದ್ದು ಹೊಡೆಯೋ ಚಿತ್ರ ಅಲ್ಲ, ಹೊಡೆಯೋಕೆ ಮುಂಚಿನ ಚಿತ್ರ. ಹುಂಜಕ್ಕೆ ಕುತ್ತಿಗೆಯ ಗರಿ ನಿಮಿರುತ್ತೆ. ಬೀದಿ ನಾಯಿ ಗುರ್ ಅನ್ನುತ್ತೆ. ಹಂದಿ ಮಾತ್ರ ಏನೂ ಹೇಳದೆ ನುಗ್ಗುತ್ತೆ, ಆದರೆ ನೇರ ಮಾತ್ರ ಓಡುತ್ತೆ, ಗೋಡೆಗೆ ಹೊಡ್ಕೊಂಡು ತಲೆ ತಿರುಗಿ ಕೂರುತ್ತೆ.

ಎರಡನೇ ಲೆವೆಲ್ ಮಂಡಕ್ಕಿ ಭಟ್ಟಿ. ದಾವಣಗೆರೆಯವನಾಗಿ ಅದನ್ನು ಬಿಡೋಕೆ ಆಗುತ್ತಾ? ಭಟ್ಟಿಯಲ್ಲಿ ಮರಳು ಕಾಸಿ ಅದರಲ್ಲಿ ಅಕ್ಕಿ ಹಾಕಿ ಹುರಿಯೋದನ್ನು ನೋಡಿದವರಿಗೆ ಗೊತ್ತು, ಆ ಮರಳೇ ಒಂದು ಒಳ್ಳೇ ಅಪಾಯ. ನೆಲದ ಮೇಲೆ ಅಲ್ಲಲ್ಲಿ ಬಿಸಿ ಮರಳಿನ ಗುಂಡಿ, ಕಾಲಿಟ್ಟರೆ ಜೀವ ಕಮ್ಮಿ ಆಗುತ್ತೆ. ಇಲ್ಲೂ ಮೊದಲು ದಡ್ಡತನ ಮಾಡಿದ್ದೆ. ಮೊದಲನೇ ಮರಳಿನ ಗುಂಡಿಯನ್ನೇ ದೊಡ್ಡ ಹಳ್ಳದ ತಳದಲ್ಲಿ ಇಟ್ಟಿದ್ದೆ, ಬಿದ್ದವನು ಹೊರಗೆ ಬರುವಷ್ಟರಲ್ಲಿ ಸತ್ತಿರ್ತಿದ್ದ. ಈಗ ಮೊದಲನೇ ಗುಂಡಿ ಒಂದೇ ಹೆಜ್ಜೆಯಷ್ಟು ಅಗಲ, ಕೆಂಪಗೆ ಹೊಳೆಯುತ್ತೆ, ಮೇಲೆ ಎರಡು ಮಂಡಕ್ಕಿ ಕಾಳು ಚಟಚಟ ಹಾರುತ್ತೆ. ತುಳಿದರೆ ಕರಡಿ ಅಯ್ಯೋ ಅಂತ ಕುಣಿಯುತ್ತೆ, ಸಾಯಲ್ಲ. ಅಷ್ಟಾದ ಮೇಲೆ ಮುಂದೆ ಎಲ್ಲಿ ಇಟ್ಟರೂ ಜನಕ್ಕೆ ಗೊತ್ತಿರುತ್ತೆ.

ಇದೇ ಲೆವೆಲ್‌ನಲ್ಲಿ ಒಂದು ತಪ್ಪು ನನಗೆ ಲಾಭ ಮಾಡಿಕೊಡ್ತು. ಗೋಡೋದಲ್ಲಿ ಯಾವುದು ಯಾವುದಕ್ಕೆ ತಾಗಬೇಕು ಅಂತ ಹೇಳೋಕೆ ಲೇಯರ್, ಮಾಸ್ಕ್ ಅಂತ ಎರಡು ಇವೆ. ಲೇಯರ್ ಅಂದರೆ ನಾನು ಯಾರು, ಮಾಸ್ಕ್ ಅಂದರೆ ನಾನು ಯಾರನ್ನು ಹುಡುಕ್ತೀನಿ. ಮರಳಿನ ಮಾಸ್ಕ್‌ನಲ್ಲಿ ಜಾಂಬನ ಜೊತೆ ಶತ್ರುಗಳಿಗೂ ಟಿಕ್ ಹಾಕಿಬಿಟ್ಟಿದ್ದೆ. ಹುಂಜಗಳು ಸುಮ್ನೆ ಓಡಾಡ್ತಾ ಮರಳಿಗೆ ಕಾಲಿಟ್ಟು ತಾವೇ ಸಾಯ್ತಿದ್ದವು. ತೆಗೆಯೋಣ ಅಂತಿದ್ದೆ, ಅಷ್ಟರಲ್ಲಿ ನೋಡಿದರೆ ಅಕ್ಕನ ಮಗ ಬೇಕಂತಲೇ ಹುಂಜದ ಕಣ್ಣಿಗೆ ಬಿದ್ದು, ಅದನ್ನು ಅಟ್ಟಿಸಿಕೊಂಡು ಬಂದು, ಗುಂಡಿ ಹಾರಿ, ಹಿಂದೆ ತಿರುಗಿ ನೋಡಿ ನಗ್ತಿದ್ದ. ಬಿಟ್ಟುಬಿಟ್ಟೆ. ಹುಂಜ ಸುಮ್ನೆ ಓಡಾಡುವಾಗ ಮಾತ್ರ ಗುಂಡಿಯಿಂದ ದೂರ ಇರೋ ಹಾಗೆ ಮಾಡಿದೆ, ಅಟ್ಟಿಸಿಕೊಂಡು ಬರುವಾಗ ಅದಕ್ಕೆ ಕಣ್ಣು ಕಾಣಲ್ಲ. 1991ರ ಸ್ಟ್ರೀಟ್ ಫೈಟರ್ 2 ಗೇಮಿನಲ್ಲಿ ಕಾಂಬೋ, ಅಂದರೆ ತಡೆಯೋಕೆ ಬಿಡದೆ ಒಂದರ ಹಿಂದೆ ಒಂದು ಹೊಡೆತ ಹಾಕೋದು, ಅದೂ ಮಾಡಿದವರು ಮೊದಲೇ ಅಂದುಕೊಂಡಿದ್ದಲ್ಲವಂತೆ, ಕಂಡ ಮೇಲೆ ಉಳಿಸಿಕೊಂಡಿದ್ದು. ನನ್ನದೂ ಅದೇ ಜಾತಿ ಅಂತ ಹೆಂಡತಿ ಹತ್ತಿರ ಜಂಬ ಕೊಚ್ಚಿಕೊಂಡೆ. ಅವಳು ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಾ ಹೂಂ ಅಂದಳು.

ಜಂಪ್ ವಿಷಯ ಒಂದು ಲೆಕ್ಕ, ಶುರು ಮಾಡೋರಿಗೆ ಉಪಯೋಗ ಆಗಬಹುದು. ಗೋಡೋ ಕೊಡೋ ರೆಡಿಮೇಡ್ ಸ್ಕ್ರಿಪ್ಟ್‌ನಲ್ಲಿ ಓಟದ ವೇಗ ಸೆಕೆಂಡಿಗೆ 300 ಪಿಕ್ಸೆಲ್, ಜಂಪಿನ ವೇಗ 400, ಕೆಳಗೆ ಎಳೆಯೋ ಗುರುತ್ವ 980 ಇರುತ್ತೆ. 400ನ್ನು 400ರಿಂದ ಗುಣಿಸಿ 980ರ ಎರಡರಷ್ಟರಿಂದ ಭಾಗಿಸಿದರೆ ಸುಮಾರು 82 ಪಿಕ್ಸೆಲ್, ಅದೇ ಹಾರೋ ಎತ್ತರ. ನಾನು ಲೆವೆಲ್ ಕಟ್ಟೋಕೆ ಬಳಸಿದ ಒಂದೊಂದು ಚೌಕ 32 ಪಿಕ್ಸೆಲ್. ಅಂದರೆ ಎರಡೂವರೆ ಚೌಕ. ಮೂರು ಚೌಕದ ಗೋಡೆ ಕಟ್ಟಿದರೆ ಜಗತ್ತಿನ ಯಾರೂ ಹಾರೋಕೆ ಆಗಲ್ಲ. ನಾನು ಕಟ್ಟಿದ್ದೆ! ಅಡ್ಡಕ್ಕೆ ಲೆಕ್ಕ ಹಾಕಿದರೆ ಏಳೂವರೆ ಚೌಕ ಬರುತ್ತೆ, ಆದರೆ ಏಳು ಚೌಕದ ಹಳ್ಳ ಇಟ್ಟರೆ ಅಂಚಿಗೆ ಬಂದು ಕೂದಲೆಳೆಯಲ್ಲಿ ಹಾರಬೇಕು. ನಾನು ಐದಕ್ಕೆ ನಿಲ್ಲಿಸಿದೆ. ಜೊತೆಗೆ ಅಂಚು ದಾಟಿದ ಮೇಲೂ 6 ಫ್ರೇಮ್ ತನಕ ಜಂಪ್ ಒತ್ತಿದರೆ ಹಾರಲಿ ಅಂತ ಬಿಟ್ಟೆ. ಇದನ್ನು ಕಾಯೋಟಿ ಟೈಮ್ ಅಂತಾರೆ. ಯಾರಿಗೂ ಗೊತ್ತೇ ಆಗಲ್ಲ, ಎಲ್ಲರೂ ತಾವು ಸರಿಯಾಗೇ ಹಾರಿದ್ವಿ ಅಂದುಕೊಳ್ತಾರೆ.

ಮೂರನೇ ಲೆವೆಲ್ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡು. ಅಲ್ಲಿ ಕೊಂಡುಕುರಿಗಳಿಗೆ ಅಂತಲೇ ಅಭಯಾರಣ್ಯ ಇದೆ. ಗಂಡು ಕೊಂಡುಕುರಿಗೆ ನಾಲ್ಕು ಕೊಂಬು, ಗೇಮ್ ಮಾಡೋನಿಗೆ ಅದಕ್ಕಿಂತ ಏನು ಬೇಕು? ನಿಜದಲ್ಲಿ ಅದು ನಾಚಿಕೆಯ ಪ್ರಾಣಿ, ಕಂಡರೆ ಓಡಿಹೋಗುತ್ತೆ. ಹಾಗಾಗಿ ಶತ್ರು ಮಾಡೋಕೆ ಮನಸ್ಸು ಬರಲಿಲ್ಲ, ಅದನ್ನು ಗುರು ಮಾಡಿದೆ. ಲೆವೆಲ್ ಪೂರ್ತಿ ಅದರ ಹಿಂದೆ ಓಡಬೇಕು, ಸಿಕ್ಕರೆ ಧೋಬಿ ಪಟ್ಟು ಹೇಳಿಕೊಡುತ್ತೆ. ಅಷ್ಟೇ ಈ ಲೆವೆಲ್, ಚಿಕ್ಕದು.

ಆಮೇಲಿನ ಜೋಗಿಮಟ್ಟಿ ಲೆವೆಲ್ ಮಾಡೋಕೆ ಮಾತ್ರ ತಿಂಗಳುಗಟ್ಟಲೆ ಕೂತೆ. ನಮ್ಮ ಕಡೆಯ ಕರಡಿಗೆ ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಇರಲ್ಲ. ಆ ಸಂದಿಯಿಂದ ಹುತ್ತದೊಳಗಿನ ಗೆದ್ದಲನ್ನು ಜೋರಾಗಿ ಸೊರ್ ಅಂತ ಎಳೆದುಕೊಳ್ಳುತ್ತೆ. ಇದನ್ನೇ ಜೀವ ತುಂಬಿಕೊಳ್ಳೋ ದಾರಿ ಮಾಡಿದೆ, ಹುತ್ತ ಸಿಕ್ಕಲ್ಲಿ ಬಟನ್ ಒತ್ತಿ ಹಿಡಿದರೆ ಜೀವ ತುಂಬುತ್ತೆ. ಆದರೆ ಮೇಲೆ ಬಂಡೆಗೆ ಹೆಜ್ಜೇನು ಕಟ್ಟಿದೆ. ಎಳೆಯೋ ಸದ್ದು ಜಾಸ್ತಿ ಹೊತ್ತು ಆದರೆ ಜೇನು ಏಳುತ್ತೆ. ಜೀವ ಕಮ್ಮಿ ಇದ್ದವನಿಗೇ ಜಾಸ್ತಿ ಹೊತ್ತು ಎಳೆಯೋ ಆಸೆ. ನಾನು ಮಾಡಿದ್ದರಲ್ಲಿ ನನಗೇ ಹೆಮ್ಮೆ ಅನಿಸಿದ ಅಪಾಯ ಇದೊಂದೇ. ಚಿತ್ರದುರ್ಗದ ಗಾಳಿಯಂತ್ರಗಳ ರೆಕ್ಕೆ ಮೇಲೆ ಕರಡಿ ಹಾರಿಕೊಂಡು ಹೋಗೋ ಲೆವೆಲ್ ಕೂಡ ಮಾಡಿದ್ದೆ, ಮೂರು ವಾರ ಹಾಳು. ನೋಡೋಕೆ ಚೆಂದ, ಆಡೋಕೆ ತಲೆಸುತ್ತು. ಕಿತ್ತು ಹಾಕಿದೆ.

ಕೊನೇದು ಚಿತ್ರದುರ್ಗದ ಕೋಟೆ. ಅರವತ್ತು ಕಿಲೋಮೀಟರ್ ದಾರಿ, ಬೈಕಲ್ಲಿ ನಾಲ್ಕು ಭಾನುವಾರ ಹೋಗಿ ಫೋಟೋ ತೆಗೆದು, ಸದ್ದು ರೆಕಾರ್ಡ್ ಮಾಡಿ ಬಂದೆ. ಒಂದು ಸಲ ಕೋತಿ ಬಂದು ಕೈಯಲ್ಲಿದ್ದ ಮಂಡಕ್ಕಿ ಪೊಟ್ಟಣ ಕಿತ್ಕೊಂಡು ಹೋಯ್ತು, ಆ ಕೋತಿಯೇ ಈಗ ಗೇಮಿನಲ್ಲಿದೆ. ಬರಿಗೈಯಲ್ಲಿ ಕೋಟೆ ಗೋಡೆ ಹತ್ತೋ ಜ್ಯೋತಿರಾಜ್ ಅವರನ್ನು ಕೋತಿರಾಜ್ ಅಂತ ಎಲ್ಲರೂ ಬಲ್ಲರು. ಕಲ್ಲು ಕಲ್ಲಿನ ಸಂದಿಗೆ ಬೆರಳು ಸಿಗಿಸೋ ಅವರ ವಿಡಿಯೋಗಳನ್ನು ನೋಡಿ ನೋಡಿ ಕರಡಿ ಗೋಡೆ ಹತ್ತೋದನ್ನು ಬರೆದೆ. ಸಂದಿ ಇರೋ ಕಲ್ಲು ಬೇರೆ ಬಣ್ಣ, ಅದನ್ನೇ ಹಿಡಿಯಬೇಕು, ಉಳಿದದ್ದು ಜಾರುತ್ತೆ.

ಕೋಟೆಯಲ್ಲಿ ಮೊದಲು ಆರು ಕೋತಿಗಳನ್ನು ಒಟ್ಟಿಗೆ ಬಿಟ್ಟಿದ್ದೆ. ಆರೂ ಒಂದೇ ಸಲ ಮೇಲೆ ಬೀಳ್ತಿದ್ದವು. ಒಂದರ ಹೆಗಲು ನೋಡುವಷ್ಟರಲ್ಲಿ ಇನ್ನೈದು ಬೆನ್ನ ಮೇಲೆ. ಮುಸ್ತಫಾ ಮತ್ತೆ ಆಡಿ, ಈ ಸಲ ಹೊಡೆಯೋದು ಬಿಟ್ಟು ಬರೀ ನೋಡಿದೆ. ಸುತ್ತ ಐದಾರು ಜನ ನಿಂತಿದ್ದರೂ ಎಲ್ಲರೂ ಒಟ್ಟಿಗೆ ಬರಲ್ಲ, ಒಬ್ಬನೋ ಇಬ್ಬರೋ ಬರ್ತಾರೆ, ಉಳಿದವರು ಸುಮ್ನೆ ಸುಳಿದಾಡ್ತಾರೆ. ನಾನೂ ಎರಡು ಟೋಕನ್ ಮಾಡಿದೆ. ಟೋಕನ್ ಕೈಗೆ ಸಿಕ್ಕ ಕೋತಿ ಮಾತ್ರ ಹೊಡೆಯಬಹುದು, ಹೊಡೆದ ಮೇಲೆ ವಾಪಸ್ ಕೊಡಬೇಕು. ಉಳಿದ ನಾಲ್ಕು ತಲೆ ಕೆರೀತಾ, ಹಲ್ಲು ಕಿರೀತಾ, ಕದ್ದ ಮಂಡಕ್ಕಿ ತಿಂತಾ ಕೂತಿರ್ತವೆ. ನೋಡೋರಿಗೆ ಅದು ಟೋಕನ್ ಅಂತ ಅನಿಸಲ್ಲ, ಕೋತಿ ಬುದ್ಧಿ ಅನಿಸುತ್ತೆ.

ಇನ್ನು ಕಿಂಡಿ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿ ಬರೋದು, ಓಬವ್ವ ಒನಕೆ ಹಿಡಿದು ಕಾಯೋದು, ಈ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಗೇಮಿನ ಕಣ್ಣಲ್ಲಿ ನೋಡಿದರೆ ಅದಕ್ಕಿಂತ ಒಳ್ಳೇ ಲೆವೆಲ್ ಯಾರೂ ಬರೆದಿಲ್ಲ. ಶತ್ರು ಎಷ್ಟೇ ಇರಲಿ, ಬರೋ ದಾರಿ ಒಂದೇ, ಸರತಿ ಒಂದೇ. ನನ್ನ ಕಿಂಡಿಯಲ್ಲಿ ಬರೋದು ಕತ್ತೆಕಿರುಬಗಳು, ಕಾಯೋದು ಒನಕೆ ಹಿಡಿದ ಜಾಂಬ. ಆದರೆ ಮೊದಲು ಮಾಡಿದಾಗ ಚಪ್ಪೆ ಆಯ್ತು. ಆಡೋರು ನೋಡದೆ ಬಟನ್ ಕುಟ್ಟಿದರೆ ಸಾಕಿತ್ತು, ಒನಕೆ ಅಲ್ವಾ, ಕುಟ್ತಾನೇ ಇದ್ದರು. ಆಮೇಲೆ ಹೊಳೆದಿದ್ದು, ನಡುನಡುವೆ ಕಿಂಡಿಯಿಂದ ನಮ್ಮ ಕಡೆಯ ಮೊಲದ ಮರಿಯನ್ನೂ ಬರಿಸೋದು. ಅದಕ್ಕೆ ಹೊಡೆದರೆ ಲೆವೆಲ್ ಮೊದಲಿಂದ. ಕತ್ತೆಕಿರುಬ ಬರೋಕೆ ಮುಂಚೆ ಕಲ್ಲಿಗೆ ಉಗುರು ಗೀರಿದ ಸದ್ದು, ಮೊಲಕ್ಕೆ ಬರೀ ಎಲೆ ಸರಸರ. ಈಗ ಕಿವಿಯಿಟ್ಟು ಕೇಳಬೇಕು. ಫೋನಿನ ಸೌಂಡ್ ಆಫ್ ಮಾಡಿ ಆಡೋರು ಜಾಸ್ತಿ ಅಂತ ಆಮೇಲೆ ನೆನಪಾಗಿ, ಕಿಂಡಿಯ ಬಾಯಲ್ಲಿ ಧೂಳು ಬೀಳೋ ಹಾಗೂ ಮಾಡಿದೆ. ಹೊಡೆತ ಬಿದ್ದಾಗ ಇಡೀ ಆಟ 5 ಫ್ರೇಮ್ ನಿಂತುಹೋಗುತ್ತೆ. ಅಷ್ಟರಿಂದಲೇ ಒನಕೆಗೆ ತೂಕ ಬಂತು, ಅದಿಲ್ಲದಿದ್ದಾಗ ಪೊರಕೆಯಲ್ಲಿ ಹೊಡೆದ ಹಾಗಿತ್ತು.

ಪೂರ್ತಿ ಮುಗಿದ ಮೇಲೆ ಉಸ್ತಾದರ ಕೈಗೆ ಫೋನ್ ಕೊಟ್ಟೆ. ಜೀವನದಲ್ಲಿ ಗೇಮ್ ಆಡಿದವರಲ್ಲ. ಕನ್ನಡಕ ಹಾಕಿಕೊಂಡು, ದಪ್ಪ ಹೆಬ್ಬೆರಳು ಬಟನ್ ಮೇಲಿಟ್ಟು, ಟಗರು ತಲೆ ತಗ್ಗಿಸೋದನ್ನೇ ಕಾಯ್ತಾ ಕೂತರು. ಹಿಂದೆ ಸರೀತು. ಮಣ್ಣು ಕೆರೀತು. ಪಕ್ಕಕ್ಕೆ ಸರಿದು ಮೊದಲನೇ ಸಲಕ್ಕೇ ಚಿತ್ ಮಾಡಿದರು! ಅಕ್ಕನ ಮಗ ಬಾಯಿ ಬಿಟ್ಟುಕೊಂಡು ನೋಡ್ತಿದ್ದ. ಎರಡನೇ ಲೆವೆಲ್‌ನಲ್ಲಿ ಹತ್ತು ಹೆಜ್ಜೆ ನಡೆದು ನೇರವಾಗಿ ಬಿಸಿ ಮರಳಿಗೆ ಇಳಿದರು. ಕರಡಿ ಕುಣೀತು. ಮತ್ತೆ ಇಳಿದರು. ಜಂಪ್ ಬಟನ್ ಎಲ್ಲಿದೆ ಅಂತ ಗೇಮಿನಲ್ಲಿ ಎಲ್ಲೂ ಹೇಳೇ ಇರಲಿಲ್ಲ ನಾನು.